ಅಕ್ಕಿಕಾಳಿನಷ್ಟು, ಬಟಾಣಿಯಷ್ಟು: ಯಾವ ವಯಸ್ಸಿಗೆ ಎಷ್ಟು ಟೂತ್‌ಪೇಸ್ಟ್?



ದನದ ಜಾತ್ರೆಗೆ ಹೋದಾಗ ನೀವು ಎತ್ತಿನ ಮೈ ಸವರಿ, ಸುಳಿ ನೋಡಿ, ಗೊರಸು ನೋಡಿ, ಕೊನೆಗೆ ಅದರ ಕೆಳದುಟಿ ಬಿಡಿಸಿ ಹಲ್ಲು ಎಣಿಸುತ್ತೀರಿ. ಇನ್ನೂ ಹಾಲುಹಲ್ಲಿನ ಕರುವೋ, ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂಬುದು ಗೊತ್ತಾಗದೆ ಬೆಲೆ ಮಾತಿಗೆ ಟವೆಲ್ಲಿನ ಕೆಳಗೆ ಕೈ ಕೊಡುವುದಿಲ್ಲ. ಹಳ್ಳಿಕಾರ್ ಎತ್ತಿನ ಮಾತಿಗೆ ಬಂದರೆ ಮಂಡ್ಯ ಸೀಮೆಯ ರೈತನಿಗೆ ಮೋಸ ಮಾಡುವುದು ಯಾವ ದಲ್ಲಾಳಿಗೂ ಸುಲಭವಲ್ಲ. ಆದರೆ ನಿಮ್ಮ ಮನೆಯ ಆರು ವರ್ಷದ ಮಗುವಿನ ಬಾಯಲ್ಲಿ ಎಷ್ಟು ಹಲ್ಲಿವೆ, ಅವುಗಳಲ್ಲಿ ಹಾಲುಹಲ್ಲು ಯಾವುದು, ಕಾಯಂ ಹಲ್ಲು ಯಾವುದು ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ತಡವರಿಸುತ್ತೇವೆ. ಇದನ್ನು ಬರೆಯುತ್ತಿರುವ ನಾನೂ ಒಂದು ಕಾಲದಲ್ಲಿ ತಡವರಿಸಿದವನೇ.

ಈ ಪತ್ರಿಕೆಯಲ್ಲಿ ಬಿತ್ತನೆ ಬೀಜದ ಪ್ರಮಾಣ, ಗೊಬ್ಬರದ ಪ್ರಮಾಣ, ಔಷಧಿ ಸಿಂಪರಣೆಯ ಪ್ರಮಾಣ ಇವುಗಳನ್ನು ಓದಿದ್ದೀರಿ. ಇಂದು ಹೇಳಹೊರಟಿರುವುದು ಹಲ್ಲುಜ್ಜುವ ಪೇಸ್ಟಿನ ಪ್ರಮಾಣ. ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಸಭೆಯಲ್ಲಿ ಈ ಮಾತು ಎತ್ತಿದಾಗ ಹಿರಿಯರೊಬ್ಬರು ನಕ್ಕು, "ಸ್ವಾಮಿ, ಯೂರಿಯಾ ಎಕರೆಗೆ ಇಷ್ಟು ಅಂತೀರಿ, ಒಪ್ಪಿದ್ವಿ. ಹಲ್ಲುಜ್ಜೋ ಪೇಸ್ಟ್‌ಗೂ ಲೆಕ್ಕ ಮಡಗಿದ್ದೀರಾ?" ಎಂದರು. ಲೆಕ್ಕ ಇದೆ. ಆ ಲೆಕ್ಕ ತಪ್ಪಿದ ಎರಡು ಮನೆಗಳನ್ನು ನಾನು ನೋಡಿದ್ದೇನೆ. ಅವುಗಳ ವಿಷಯವನ್ನೇ ಮೊದಲು ಹೇಳುತ್ತೇನೆ.

ಎರಡು ಮನೆ, ಎರಡು ಬಾಯಿ

ಮೊದಲನೆಯದು ಮದ್ದೂರಿನ ಕಡೆ, ನಾಲೆಯ ಬಯಲಿನಲ್ಲಿರುವ ಒಂದು ಮನೆ. ಕಬ್ಬಿನ ಗದ್ದೆ, ಪಕ್ಕದಲ್ಲೇ ಆಲೆಮನೆ. ನಾಲ್ಕು ವರ್ಷದ ಗಂಡು ಕೂಸು, ಮನೆಗೆಲ್ಲ ಮುದ್ದು. ಆಲೆಮನೆಗೆ ಹೋದಾಗಲೆಲ್ಲ ಅಂಗೈಗೆ ಒಂದಿಷ್ಟು ಬಿಸಿ ಬೆಲ್ಲ, ರಾತ್ರಿ ಮಲಗುವಾಗ ಸೀಸೆಯಲ್ಲಿ ಸಕ್ಕರೆ ಹಾಕಿದ ಹಾಲು. ಅದರ ಮೇಲಿನ ನಾಲ್ಕು ಮುಂಹಲ್ಲು ಕಪ್ಪು ಮೊಳೆಗಳಂತೆ ಉಳಿದಿದ್ದವು. ಒಂದು ದವಡೆ ಹಲ್ಲಿನ ಬುಡದಲ್ಲಿ ಕೀವು ಕಟ್ಟಿ ಕೆನ್ನೆ ಊದಿತ್ತು. ಮೂರು ರಾತ್ರಿಯಿಂದ ಮನೆಯವರು ಯಾರೂ ಕಣ್ಣು ಮುಚ್ಚಿರಲಿಲ್ಲ. ಹಲ್ಲುಜ್ಜಿಸುತ್ತೀರಾ ಎಂದು ಕೇಳಿದೆ. "ಬಿದ್ದೋಗೋ ಹಲ್ಲಲ್ವಾ ಸ್ವಾಮಿ, ಹೊಸ ಹಲ್ಲು ಬಂದ್ಮೇಲೆ ಉಜ್ಜಿಸಿದ್ರಾಯ್ತು ಅಂತ" ಎಂದರು ಆ ತಾಯಿ.

ಎರಡನೆಯದು ಮಳವಳ್ಳಿ ತಾಲ್ಲೂಕಿನ ಖುಷ್ಕಿ ಭಾಗದ ಮನೆ. ಹನ್ನೊಂದು ವರ್ಷದ ಹುಡುಗಿ, ಓದಿನಲ್ಲಿ ಚುರುಕು. ನಗುವಾಗ ಮಾತ್ರ ಬಾಯಿಗೆ ಕೈ ಅಡ್ಡ ಇಡುತ್ತಿದ್ದಳು. ಅವಳ ಮುಂಹಲ್ಲುಗಳ ಮೇಲೆ ಸುಣ್ಣದ ಗೆರೆ ಎಳೆದಂತೆ ಬಿಳಿ ಪಟ್ಟೆಗಳು, ಅಲ್ಲಲ್ಲಿ ಕಂದು ಕಲೆ. ಕೊಳೆಯೆಂದು ತಿಳಿದು ಅಜ್ಜಿ ಬೂದಿ ಹಾಕಿ ತಿಕ್ಕಿಸಿದ್ದರು, ಇಟ್ಟಿಗೆ ಪುಡಿಯನ್ನೂ ಹಾಕಿಸಿದ್ದರು. "ಎಷ್ಟು ಉಜ್ಜಿದ್ರೂ ಹೋಗಲ್ಲ, ಮದುವೆ ವಯಸ್ಸಿಗೆ ಬಂದಾಗ ಏನು ಮಾಡೋದು?" ಎಂಬುದು ಅವರ ಚಿಂತೆ. ಆ ಕಲೆ ಉಜ್ಜಿದರೆ ಹೋಗುವಂಥದಲ್ಲ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ ದೇಹಕ್ಕೆ ಸೇರಿದ ಹೆಚ್ಚಿನ ಫ್ಲೋರೈಡ್ ಹಾಗೆ ಗುರುತು ಬಿಟ್ಟಿರುತ್ತದೆ. ಈ ಮನೆಯವರು ವರ್ಷಗಟ್ಟಲೆ ಕುಡಿದದ್ದು ಆಳದ ಬೋರ್‌ವೆಲ್ ನೀರು. ಅದರ ಜೊತೆಗೆ, ಸಿಹಿಯಾಗಿದೆ ಎಂದು ಹುಡುಗಿ ಚಿಕ್ಕಂದಿನಲ್ಲಿ ಪೇಸ್ಟನ್ನು ಬೆರಳಿನಿಂದ ತೆಗೆದು ನೆಕ್ಕುತ್ತಿದ್ದಳಂತೆ.

ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಗದ್ದೆ ಜೌಗು ಹಿಡಿದಿದ್ದರೆ, ಕೊನೆ ಭಾಗದಲ್ಲಿ ನೀರಿಲ್ಲದೆ ಪೈರು ಒಣಗುತ್ತಿರುತ್ತದೆ. ಈ ಸಂಕಟ ನಿಮಗೆ ಗೊತ್ತಿರುವುದೇ. ಈ ಎರಡು ಬಾಯಿಗಳ ಕಥೆಯೂ ಅದೇ ತರಹದ್ದು. ಒಂದಕ್ಕೆ ಸಿಗಬೇಕಾದ್ದು ಸಿಗಲಿಲ್ಲ, ಇನ್ನೊಂದಕ್ಕೆ ಬೇಡದಷ್ಟು ಹೋಯಿತು.

ಪೇಸ್ಟಿನಲ್ಲಿ ಕೆಲಸ ಮಾಡುವುದು ಯಾವುದು?

ಬಾಯಲ್ಲಿ ಸದಾ ಇರುವ ಸೂಕ್ಷ್ಮಜೀವಿಗಳು ಬೆಲ್ಲ, ಸಕ್ಕರೆ, ಅನ್ನದ ಅಂಶಗಳನ್ನು ತಿಂದು ಹುಳಿ ಉತ್ಪಾದಿಸುತ್ತವೆ. ಆ ಹುಳಿ ಹಲ್ಲಿನ ಹೊರಕವಚದ ಸುಣ್ಣದ ಅಂಶವನ್ನು ಕರಗಿಸುತ್ತದೆ. ಹುಳುಕು ಎಂದರೆ ಇದೇ. ಹಲ್ಲಿನಲ್ಲಿ ಹುಳು ಇರುತ್ತದೆ, ಹೊಗೆ ಹಾಕಿ ತೆಗೆಯುತ್ತೇವೆ ಎಂದು ಸಂತೆಯಲ್ಲಿ ಕೂರುವವರ ಮಾತು ನಂಬಬೇಡಿ. ಅಲ್ಲಿ ಉದುರಿ ತೋರಿಸುವುದು ಬಾಯಿಯಿಂದ ಬಂದ ಹುಳುವಲ್ಲ. ಕರಗಿದ ಸುಣ್ಣವನ್ನು ಜೊಲ್ಲುರಸ ಮತ್ತೆ ಸ್ವಲ್ಪಸ್ವಲ್ಪವಾಗಿ ತುಂಬುತ್ತದೆ. ಫ್ಲೋರೈಡ್ ಈ ತುಂಬುವ ಕೆಲಸಕ್ಕೆ ನೆರವಾಗಿ, ಹಲ್ಲಿನ ಮೈಯನ್ನು ಗಟ್ಟಿಮಾಡುತ್ತದೆ. ಅದು ಕೆಲಸ ಮಾಡುವುದು ಹಲ್ಲಿನ ಮೇಲ್ಮೈಯಲ್ಲಿ ಕುಳಿತು. ಹೊಟ್ಟೆಗೆ ಹೋದ ಫ್ಲೋರೈಡ್‌ನಿಂದ ಹಲ್ಲಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ.

ನೊರೆಯ ವಿಷಯ ಒಂದು ಮಾತು. ಬಾಯಿತುಂಬ ನೊರೆ ಬಂದರೆ ಮಾತ್ರ ಹಲ್ಲು ಸ್ವಚ್ಛವಾಯಿತು ಎಂದು ನಾವು ಭಾವಿಸುತ್ತೇವೆ. ನೊರೆ ಬರಿಸುವುದು ಪೇಸ್ಟಿಗೆ ಸೇರಿಸಿರುವ ಸಾಬೂನಿನಂಥ ವಸ್ತು. ಕೊಳೆ ತೆಗೆಯುವುದು ಬ್ರಷ್ಷಿನ ಎಳೆಗಳು. ರಟ್ಟಿನ ಪೆಟ್ಟಿಗೆಯ ಮೇಲೆ, ಟಿ.ವಿ. ಜಾಹೀರಾತಿನಲ್ಲಿ ಬ್ರಷ್ಷಿನ ಈ ತುದಿಯಿಂದ ಆ ತುದಿಗೆ ಅಲೆಯಂತೆ ಪೇಸ್ಟು ಹಿಂಡಿರುತ್ತಾರಲ್ಲ, ಅದು ಟ್ಯೂಬು ಬೇಗ ಖಾಲಿಯಾಗಲಿ ಎಂಬ ಅಳತೆಯೇ ಹೊರತು ನಿಮ್ಮ ಹಲ್ಲಿನ ಅಳತೆಯಲ್ಲ.

ಪೇಸ್ಟು ಕೊಳ್ಳುವಾಗ ಟ್ಯೂಬಿನ ಮೇಲೆ ಬರೆದಿರುವುದನ್ನು ಓದಿರಿ. ಕೀಟನಾಶಕದ ಡಬ್ಬಿಯ ಮೇಲಿನ ಚೀಟಿ ಓದುವ ಅಭ್ಯಾಸ ನಿಮಗಿರುವುದರಿಂದ ಇದು ಕಷ್ಟವಲ್ಲ. ನಮ್ಮ ದೇಶದ ನಿಯಮದಂತೆ ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರಕೂಡದು. ಹೀಗೆಂದರೆ ಒಂದು ಗ್ರಾಂ ಪೇಸ್ಟಿನಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡ್ ಎಂದು ತಿಳಿಯಿರಿ. ಮುಗಿಯುವ ದಿನಾಂಕವನ್ನೂ ಫ್ಲೋರೈಡ್ ಪೇಸ್ಟಿನ ಮೇಲೆ ನಮೂದಿಸಬೇಕು. ಎಲ್ಲ ಪೇಸ್ಟಿನಲ್ಲೂ ಫ್ಲೋರೈಡ್ ಇರುವುದಿಲ್ಲ. ಗಿಡಮೂಲಿಕೆಯವು ಎಂದು ಮಾರುವ ಹಲವು ಪೇಸ್ಟುಗಳಲ್ಲಿ, ಹಲ್ಲುಪುಡಿಗಳಲ್ಲಿ ಅದಿಲ್ಲ. ಅವು ಕೆಟ್ಟವೆಂದಲ್ಲ, ಆದರೆ ಹುಳುಕು ತಡೆಯುವ ಶಕ್ತಿಯನ್ನು ಅವುಗಳಿಂದ ಅಷ್ಟಾಗಿ ನಿರೀಕ್ಷಿಸುವಂತಿಲ್ಲ.

ವಯಸ್ಸಿಗೆ ತಕ್ಕ ಅಳತೆ

ಕೂಸಿಗೆ ಹಲ್ಲು ಬರುವ ಮೊದಲು ಪೇಸ್ಟಿನ ಮಾತೇ ಇಲ್ಲ. ಹಾಲು ಕುಡಿಸಿದ ಮೇಲೆ ಶುಭ್ರವಾದ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ವಸಡು ಒರೆಸಿದರೆ ಸಾಕು. ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನಲ್ಲಿ ಕೆಳಗಿನ ಎರಡು ಹಲ್ಲು ಮೂಡುತ್ತವೆ. ಹಿಂದೆ ಎರಡು ವರ್ಷ ತುಂಬುವ ತನಕ ಪೇಸ್ಟು ಮುಟ್ಟಿಸಬೇಡಿ ಎನ್ನುತ್ತಿದ್ದರು. ಈಗ ಈ ಅಭಿಪ್ರಾಯ ಬದಲಾಗಿದೆ. ಅಮೆರಿಕದ ದಂತವೈದ್ಯರ ಸಂಘ 2014ರಲ್ಲಿ, ಮೊದಲ ಹಲ್ಲು ಕಂಡ ದಿನದಿಂದಲೇ ಅತಿ ಸ್ವಲ್ಪ ಫ್ಲೋರೈಡ್ ಪೇಸ್ಟು ಬಳಸಬಹುದೆಂದು ಸಲಹೆ ನೀಡಿತು. ಮಕ್ಕಳ ದಂತವೈದ್ಯರು ಇಂದು ಸಾಮಾನ್ಯವಾಗಿ ಹೇಳುವುದೂ ಇದನ್ನೇ. ಆ "ಅತಿ ಸ್ವಲ್ಪ" ಎಷ್ಟು?

ಒಂದು ಅಕ್ಕಿಕಾಳಿನಷ್ಟು. ಮೂರು ವರ್ಷದವರೆಗೆ ಇದೇ ಅಳತೆ. ಟ್ಯೂಬು ಹಿಂಡುವುದಕ್ಕಿಂತ ಅದರ ಬಾಯಿಗೆ ಬ್ರಷ್ಷನ್ನು ಹಾಗೇ ಸವರಿದರೆ ಅಷ್ಟು ಬರುತ್ತದೆ. ತೂಕದಲ್ಲಿ ಸುಮಾರು 0.1 ಗ್ರಾಂ. ಇಷ್ಟನ್ನು ಕೂಸು ಪೂರ್ತಿ ನುಂಗಿದರೂ ಅದರ ಹೊಟ್ಟೆಗೆ ಹೋಗುವ ಫ್ಲೋರೈಡ್ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಭಾಗ. ಅದೇ ಬ್ರಷ್ಷಿನ ಉದ್ದಕ್ಕೂ ಹಿಂಡಿದರೆ ಒಂದು ಗ್ರಾಂ ಅಥವಾ ಹೆಚ್ಚು, ಎಂದರೆ ಹತ್ತು ಪಟ್ಟು. ಈ ವಯಸ್ಸಿನ ಮಕ್ಕಳಿಗೆ ಉಗುಳುವುದು ಗೊತ್ತಿರುವುದಿಲ್ಲ. ಹಾಕಿದ್ದರಲ್ಲಿ ಬಹುಭಾಗ ಹೊಟ್ಟೆಗೇ ಹೋಗುತ್ತದೆ ಎಂದು ಲೆಕ್ಕ ಹಿಡಿದೇ ಹಾಕಬೇಕು.

ಈ ಮೊದಲ ಮೂರು ವರ್ಷಗಳ ಬಗೆಗೆ ವಿಶೇಷ ಎಚ್ಚರ ಬೇಕು. ಹೊರಗೆ ಹಾಲುಹಲ್ಲು ಕಾಣುತ್ತಿರುವಾಗಲೇ ಒಳಗೆ ದವಡೆಯಲ್ಲಿ ಕಾಯಂ ಮುಂಹಲ್ಲುಗಳ ಕವಚ ಕಟ್ಟುತ್ತಿರುತ್ತದೆ. ಒಟ್ಟಿಯಲ್ಲಿ ಸಸಿ ಇರುವಾಗ ಮಾಡಿದ ತಪ್ಪು ನಾಟಿಯಾದ ಮೇಲೆ ಗದ್ದೆಯಲ್ಲಿ ಕಾಣುವಂತೆ, ಎರಡು ವರ್ಷದಲ್ಲಿ ಆದ ಹೆಚ್ಚುಕಡಿಮೆ ಏಳೆಂಟು ವರ್ಷದಲ್ಲಿ ಹಲ್ಲು ಮೂಡಿದಾಗ ಕಣ್ಣಿಗೆ ಬೀಳುತ್ತದೆ. ಎಂಟು ವರ್ಷ ದಾಟಿದ ಮೇಲೆ ಮುಂಹಲ್ಲಿಗೆ ಹೊಸದಾಗಿ ಈ ಕಲೆ ಬೀಳುವ ಭಯವಿಲ್ಲ.

ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು, ಎಂದರೆ ಸುಮಾರು ಕಾಲು ಗ್ರಾಂ. ಒಣ ಬಟಾಣಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ನೆನೆಹಾಕಿ ಉಬ್ಬಿದ್ದನ್ನಲ್ಲ. ಬ್ರಷ್ಷಿನ ಅಗಲಕ್ಕೆ ಅಡ್ಡಲಾಗಿ ಹಾಕಿದರೆ ಅಳತೆ ತಪ್ಪುವುದಿಲ್ಲ. ಪೇಸ್ಟು ಹಾಕುವ ಕೆಲಸ ದೊಡ್ಡವರದ್ದೇ ಆಗಿರಬೇಕು. ಸ್ಟ್ರಾಬೆರಿ, ಮಾವಿನ ಹಣ್ಣಿನ ರುಚಿಯ ಮಕ್ಕಳ ಪೇಸ್ಟು ತಂದುಕೊಟ್ಟು, ಮಗು ತಾನೇ ಹಾಕಿಕೊಳ್ಳುತ್ತದೆ ಎಂದು ಹೆಮ್ಮೆ ಪಡುವವರನ್ನು ನೋಡಿದ್ದೇನೆ. ಹಣ್ಣಿನ ರುಚಿ ಇದ್ದರೆ ಮಗು ಅದನ್ನು ತಿನ್ನುತ್ತದೆ. ಈ ವಯಸ್ಸಿನಲ್ಲಿ ಕಲಿಸಬೇಕಾದ ವಿದ್ಯೆ ಎಂದರೆ ಉಗುಳುವುದು. ಬಚ್ಚಲಲ್ಲಿ ತಂದೆಯೂ ಮಗನೂ ಒಟ್ಟಿಗೆ ನಿಂತು ಯಾರು ದೂರ ಉಗುಳುತ್ತಾರೆ ಎಂದು ಪಂದ್ಯ ಕಟ್ಟಿದರೆ ನಾಲ್ಕು ದಿನದಲ್ಲಿ ಕಲಿಯುತ್ತವೆ.

ಆರು ವರ್ಷಕ್ಕೆ ಒಂದು ಘಟ್ಟ. ಹಾಲುಹಲ್ಲು 20 ಇರುತ್ತವೆ. ಅವುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ದವಡೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ದೊಡ್ಡ ಹಲ್ಲು ಸದ್ದಿಲ್ಲದೆ ಮೂಡುತ್ತವೆ. ಬಿದ್ದ ಹಲ್ಲಿನ ಜಾಗಕ್ಕೆ ಬರದೇ ಇರುವುದರಿಂದ ಮನೆಯವರು ಅವನ್ನೂ ಹಾಲುಹಲ್ಲು ಎಂದೇ ತಿಳಿಯುತ್ತಾರೆ. ಅವು ಕಾಯಂ ಹಲ್ಲುಗಳು. ಜೀವಮಾನವೆಲ್ಲ ಅಗಿಯಬೇಕಾದ ಹಲ್ಲುಗಳು. ಹುಳುಕು ಮೊದಲು ಹಿಡಿಯುವುದೂ ಸಾಮಾನ್ಯವಾಗಿ ಇವನ್ನೇ, ಏಕೆಂದರೆ ಬ್ರಷ್ಷು ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಕರುವಿನ ಬಾಯಿ ಬಿಡಿಸಿ ನೋಡುವಂತೆ ಮಗುವಿನ ಬಾಯಿಯನ್ನೂ ಬೆಳಕಿಗೆ ಹಿಡಿದು ಇಂದೇ ನೋಡಿರಿ.

ಹಾಲುಹಲ್ಲು ಬಿದ್ದುಹೋಗುವುದು ನಿಜ. ಆದರೆ ಹಿಂದಿನ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೆ ಇರಬೇಕಾದದ್ದು. ಅದು ಮುಂಚೆಯೇ ಕೆಟ್ಟು ಹೋದರೆ ಅಕ್ಕಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲಿ, ಕೆಳಗಿನಿಂದ ಬರುವ ಹಲ್ಲು ದಾರಿ ಸಿಗದೆ ಸೊಟ್ಟಗೆ ಬರುತ್ತದೆ. ಮದ್ದೂರಿನ ಆ ಕೂಸಿನ ಕೀವು ಕಟ್ಟಿದ ಹಲ್ಲನ್ನು ಕೊನೆಗೆ ಕೀಳಿಸಬೇಕಾಯಿತು. ಅದರ ಮುಂದಿನ ಪರಿಣಾಮ ಕೆಲವು ವರ್ಷಗಳ ನಂತರ ಕಾಣುವಂಥದ್ದು.

ಆರು ವರ್ಷ ಮೇಲ್ಪಟ್ಟವರಿಗೂ, ದೊಡ್ಡವರಿಗೂ ಬಟಾಣಿಯಷ್ಟರಿಂದ ಬ್ರಷ್ಷಿನ ಅರ್ಧ ಉದ್ದದವರೆಗೆ ಸಾಕು. ಅರ್ಧ ಗ್ರಾಂ ಎನ್ನೋಣ. ಇದಕ್ಕಿಂತ ಹೆಚ್ಚು ಹಾಕಿದರೆ ಹಾನಿಯೇನೂ ಆಗದು, ದುಡ್ಡು ಬಚ್ಚಲಿಗೆ ಹೋಗುತ್ತದೆ ಅಷ್ಟೆ. ಎಷ್ಟು ಹೋಗುತ್ತದೆ? ಗಂಡ, ಹೆಂಡತಿ, ಅಜ್ಜಿ, ಐದು ವರ್ಷದ ಒಂದು ಮಗು, ಎರಡು ವರ್ಷದ ಒಂದು ಕೂಸು, ಹೀಗೆ ಐದು ಜನ ದಿನಕ್ಕೆ ಎರಡು ಬಾರಿ ಬ್ರಷ್ಷಿನ ತುಂಬ ಒಂದೊಂದು ಗ್ರಾಂ ಹಾಕಿದರೆ ದಿನಕ್ಕೆ 10 ಗ್ರಾಂ. 100 ಗ್ರಾಮಿನ ಟ್ಯೂಬು 10 ದಿನಕ್ಕೆ ಮುಗಿಯಿತು. ಅಳತೆಯಂತೆ ಹಾಕಿದರೆ ದೊಡ್ಡವರು ಮೂವರಿಗೆ 3 ಗ್ರಾಂ, ಐದು ವರ್ಷದ್ದಕ್ಕೆ ಅರ್ಧ ಗ್ರಾಂ, ಕೂಸಿಗೆ 0.2 ಗ್ರಾಂ, ಒಟ್ಟು 3.7 ಗ್ರಾಂ. ಅದೇ ಟ್ಯೂಬು 27 ದಿನ ಬರುತ್ತದೆ. ನಿಮ್ಮ ಊರಿನ ಅಂಗಡಿಯ ಬೆಲೆ ಹಾಕಿ ವರ್ಷದ ಉಳಿತಾಯವನ್ನು ನೀವೇ ಗುಣಿಸಿಕೊಳ್ಳಿ. ಖರ್ಚಿಗೆ ಹೆದರಿ ರಾತ್ರಿ ಉಜ್ಜುವುದನ್ನು ಬಿಟ್ಟಿರುವ ಮನೆಗಳು ಈ ಲೆಕ್ಕದಲ್ಲಿ ಎರಡು ಹೊತ್ತೂ ಉಜ್ಜಬಹುದು. ರಾತ್ರಿಯ ಉಜ್ಜುವಿಕೆಯೇ ಮುಖ್ಯ, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಹುಳಿ ಹಾಗೇ ನಿಲ್ಲುತ್ತದೆ.

ಉಜ್ಜಿದ ಮೇಲೆ ನೊರೆ ಉಗುಳಿ, ಚೊಂಬುಗಟ್ಟಲೆ ನೀರು ಹಾಕಿ ಮುಕ್ಕಳಿಸಬೇಡಿ. ಸಿಂಪರಣೆ ಮಾಡಿದ ಕೂಡಲೇ ಮಳೆ ಬಂದರೆ ಔಷಧಿ ಏನಾಗುತ್ತದೆ? ಇಲ್ಲಿಯೂ ಹಾಗೆಯೇ. ಹಲ್ಲಿನ ಮೇಲೆ ಸ್ವಲ್ಪ ಉಳಿಯಬೇಕು.

ವಯಸ್ಸಾದವರಲ್ಲಿ ವಸಡು ಕೆಳಗಿಳಿದು ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಬೇರಿಗೆ ಗಟ್ಟಿ ಕವಚವಿಲ್ಲದ ಕಾರಣ ಅಲ್ಲಿ ಹುಳುಕು ಬೇಗ ಹಿಡಿಯುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ವಸಡಿನ ತೊಂದರೆ ಇನ್ನೂ ಹೆಚ್ಚು. ಇವರಿಗೆ ಫ್ಲೋರೈಡ್ ಪೇಸ್ಟು, ಮೆತ್ತನೆಯ ಬ್ರಷ್ಷು ಅಗತ್ಯ. "ಮುದ್ದೆ ನುಂಗೋನಿಗೆ ಹಲ್ಯಾಕೆ?" ಎಂದು ನಮ್ಮ ಕಡೆ ಮುದುಕರು ತಮಾಷೆ ಮಾಡುವುದುಂಟು. ಮುದ್ದೆ ಇಳಿಯುತ್ತದೆ ನಿಜ, ಆದರೆ ಅದರ ಜೊತೆಯ ಕಾಳು, ಸೊಪ್ಪು, ಮಾಂಸ ಅಗಿಯದೆ ಇಳಿಯುವುದಿಲ್ಲ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಮಾತ್ರ ಟೂತ್‌ಪೇಸ್ಟಿನಿಂದ ಉಜ್ಜಬಾರದು, ಗೀರು ಬೀಳುತ್ತದೆ. ಅದಕ್ಕೆ ಸೌಮ್ಯ ಸಾಬೂನು, ನೀರು ಸಾಕು. ರಾತ್ರಿ ತೆಗೆದು ನೀರಿನಲ್ಲಿಡಬೇಕು.

ಮೊದಲು ನಿಮ್ಮ ನೀರು ಯಾವುದು ಎಂದು ತಿಳಿಯಿರಿ

ಪೇಸ್ಟಿನ ಲೆಕ್ಕ ಪೂರ್ತಿಯಾಗುವುದು ನೀರಿನ ಲೆಕ್ಕ ಸೇರಿದ ಮೇಲೆಯೇ. ನಮ್ಮ ದೇಶದಲ್ಲಿ ಫ್ಲೋರೋಸಿಸ್ ರೋಗ ದಾಖಲಾದದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಎತ್ತುಗಳು ಕೀಲು ಬಿಗಿದು ಕಾಲೆಳೆದು ನಡೆಯುವುದನ್ನು ಮೊದಲು ಗಮನಿಸಿದವರು ಅಲ್ಲಿನ ರೈತರೇ ಎಂದು ಹೇಳುತ್ತಾರೆ. ದನದ ಬಾಯಿ, ಕಾಲು ನೋಡುವ ರೈತನ ಕಣ್ಣು ಅಷ್ಟು ಸೂಕ್ಷ್ಮ.

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರು ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಅದರ ಮೇಲೆ ಹೋದಂತೆ ಮಕ್ಕಳ ಹಲ್ಲಿಗೆ ಕಲೆ. ಬಹಳ ಹೆಚ್ಚಾಗಿ, ಬಹಳ ವರ್ಷ ಕುಡಿದರೆ ಮೂಳೆಗೂ ಕೇಡು. ಕರ್ನಾಟಕದಲ್ಲಿ ಪಾವಗಡ, ಮುಂಡರಗಿಯಂಥ ಬಯಲುಸೀಮೆಯ ತಾಲ್ಲೂಕುಗಳ ಹೆಸರು ಇದಕ್ಕೆ ಬಹುಕಾಲದಿಂದ ಕೇಳಿಬಂದಿದೆ. ಮಂಡ್ಯ ಜಿಲ್ಲೆಯೆಂದರೆ ಕಾವೇರಿ, ಕನ್ನಂಬಾಡಿ, ನಾಲೆ ಎಂದು ಹೊರಗಿನವರು ತಿಳಿಯುತ್ತಾರೆ. ಆದರೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದ ಊರುಗಳು ಈ ಜಿಲ್ಲೆಯಲ್ಲಿಯೂ ಅಲ್ಲಲ್ಲಿ ಇವೆ. ಗ್ರಾನೈಟು, ನೈಸು ಶಿಲೆಗಳ ಬಿರುಕಿನಲ್ಲಿ ನಿಂತ ನೀರಿಗೆ ಕಲ್ಲಿನಿಂದ ಫ್ಲೋರೈಡ್ ಇಳಿಯುತ್ತದೆ. ಒಂದೇ ಊರಿನ ಎರಡು ಬೋರ್‌ವೆಲ್‌ಗಳಲ್ಲಿ ಬೇರೆ ಬೇರೆ ಪ್ರಮಾಣ ಇರುವುದೂ ಉಂಟು. ನದಿ, ನಾಲೆಯ ಮೇಲುನೀರಿನಲ್ಲಿ ಸಾಮಾನ್ಯವಾಗಿ ಕಡಿಮೆ.

ನೋಡಿ, ರುಚಿ, ಬಣ್ಣ, ವಾಸನೆಯಿಂದ ಇದನ್ನು ಕಂಡುಹಿಡಿಯಲಾಗದು. ಮಣ್ಣು ಪರೀಕ್ಷೆಗೆ ಕೊಡುವಂತೆ ನೀರನ್ನೂ ಪರೀಕ್ಷೆಗೆ ಕೊಡಬೇಕು. ಗ್ರಾಮ ಪಂಚಾಯತಿಯಲ್ಲಿ ಕೇಳಿರಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಗಳಲ್ಲಿ ಪರೀಕ್ಷೆ ಮಾಡುತ್ತಾರೆ. ಶುಭ್ರವಾದ ಪ್ಲಾಸ್ಟಿಕ್ ಬಾಟಲನ್ನು ಅದೇ ನೀರಿನಿಂದ ಎರಡು ಮೂರು ಬಾರಿ ತೊಳೆದು, ತುಂಬಿಸಿ, ಊರು ಮತ್ತು ಕೊಳವೆಬಾವಿಯ ಗುರುತು ಬರೆದು ಕೊಡಿ.

ಮಳವಳ್ಳಿಯ ಆ ಅಜ್ಜಿ, "ನೀರು ಕಾಯಿಸಿ ಕೊಡ್ತೀವಲ್ಲ" ಎಂದರು. ಕಾಯಿಸಿದರೆ ಸೂಕ್ಷ್ಮಜೀವಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಪ್ರಯೋಜನವಿಲ್ಲ. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ನಿಮ್ಮೂರಿನಲ್ಲಿದ್ದು, ಸರಿಯಾಗಿ ನಡೆಯುತ್ತಿದ್ದರೆ ಅದರಲ್ಲಿ ಫ್ಲೋರೈಡ್ ಬಹುಮಟ್ಟಿಗೆ ಹೋಗುತ್ತದೆ. ನೀರು ಸಾಲದಿದ್ದರೆ ಮೊದಲ ಹಕ್ಕು ಎಂಟು ವರ್ಷದ ಒಳಗಿನ ಮಕ್ಕಳಿಗೆ ಇರಲಿ, ಅವರಿಗೆ ಕುಡಿಯಲು ಮತ್ತು ಅವರ ಗಂಜಿ, ಹಾಲಿಗೆ.

ನೀರಿನಲ್ಲಿ ಮಿತಿ ಮೀರಿರುವುದು ಖಚಿತವಾದ ಊರಿನಲ್ಲಿ, ಉಗುಳಲು ಬಾರದ ಮಕ್ಕಳಿಗೆ ಫ್ಲೋರೈಡ್ ಇಲ್ಲದ ಪೇಸ್ಟು ಬಳಸುವುದೋ, ಬರಿ ಬ್ರಷ್ಷಿನಿಂದ ಉಜ್ಜಿಸುವುದೋ ಎಂಬುದನ್ನು ದಂತವೈದ್ಯರನ್ನು ಕೇಳಿ ತೀರ್ಮಾನಿಸಿ. ಹಾಗೆಂದು ಹಲ್ಲುಜ್ಜಿಸುವುದನ್ನೇ ಬಿಡಬೇಡಿ. ಕಲೆ ಬಿದ್ದ ಹಲ್ಲಿಗೂ ಹುಳುಕು ಹಿಡಿಯುತ್ತದೆ. ಆಗಲೇ ಕಲೆ ಬಿದ್ದಿರುವ ಮಕ್ಕಳನ್ನು ಗೇಲಿ ಮಾಡಲು ಬಿಡಬೇಡಿ. ಬಣ್ಣಕ್ಕೆ ಹೊಂದುವ ಲೇಪನದಿಂದ ದಂತವೈದ್ಯರು ಅದನ್ನು ಮರೆಮಾಡಬಲ್ಲರು. ಆ ಹುಡುಗಿಯ ತಾಯಿಗೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಕಂಡ ನೆಮ್ಮದಿ ನನಗೆ ಈಗಲೂ ನೆನಪಿದೆ.

ಬೂದಿ, ಇದ್ದಿಲು, ಬೇವಿನ ಕಡ್ಡಿ

ಪೇಸ್ಟು ಬರುವ ಮುಂಚೆ ನಮ್ಮವರು ಹಲ್ಲುಜ್ಜುತ್ತಿರಲಿಲ್ಲವೇ ಎಂದು ಕೇಳುವವರುಂಟು. ಉಜ್ಜುತ್ತಿದ್ದರು. ಬೇವು, ಹೊಂಗೆ ಕಡ್ಡಿಯ ತುದಿಯನ್ನು ಕುಂಚದಂತೆ ಅಗಿದು ಮೃದುಮಾಡಿ ಉಜ್ಜುವುದು ಒಳ್ಳೆಯ ಪದ್ಧತಿಯೇ. ಕಡ್ಡಿಯ ಜೊತೆ ನಾಲಗೆ ಸೀಳಿಕೊಳ್ಳುವ ಅಭ್ಯಾಸವೂ ಒಳ್ಳೆಯದು. ಬಿ.ವಿ. ಪಂಡಿತರ ಸದ್ವೈದ್ಯಶಾಲೆಯಿಂದ ಬಂದ ನಂಜನಗೂಡು ಹಲ್ಲುಪುಡಿಯ ಹೆಸರು ಹಳೆ ಮೈಸೂರಿನ ಮನೆಮನೆಯಲ್ಲೂ ಇತ್ತು. ಆದರೆ ಒಲೆಯ ಬೂದಿ, ಇದ್ದಿಲು, ಮರಳು, ಇಟ್ಟಿಗೆ ಪುಡಿಗಳನ್ನು ಇವುಗಳ ಸಾಲಿಗೆ ಸೇರಿಸಬೇಡಿ. ಭತ್ತದ ಹೊಟ್ಟಿನ ಬೂದಿಯಲ್ಲಿ ಮರಳಿನ ಜಾತಿಯ ಸಿಲಿಕ ಬಹಳ. ಒರಟಾದ ಅಂಥ ಪುಡಿಯಿಂದ ಬೆರಳು ಒತ್ತಿ ದಿನವೂ ತಿಕ್ಕಿದರೆ ಹೊಳಪು ಬರುವುದು ಹಲ್ಲು ಸವೆದುದರಿಂದ. ಸವೆದ ಕವಚ ಮತ್ತೆ ಬೆಳೆಯುವುದಿಲ್ಲ. ತಣ್ಣೀರು ಕುಡಿದರೆ ಜುಂ ಎನ್ನುವುದು ಆಮೇಲೆ.

ಇನ್ನು ಕಡ್ಡಿಪುಡಿ, ಹೊಗೆಸೊಪ್ಪಿನ ಪುಡಿಯಿಂದ ಹಲ್ಲುಜ್ಜುವುದು. ಹಲ್ಲುನೋವು ಮರಗಟ್ಟುತ್ತದೆ ಎಂದು ಆರಂಭಿಸಿ ಚಟಕ್ಕೆ ಬಿದ್ದವರು, ಹೆಂಗಸರೂ ಸೇರಿ, ನಮ್ಮ ಹಳ್ಳಿಗಳಲ್ಲಿ ಕಡಿಮೆಯಿಲ್ಲ. ಪೇಸ್ಟು, ಹಲ್ಲುಪುಡಿಗಳಲ್ಲಿ ತಂಬಾಕು ಸೇರಿಸುವುದನ್ನು ಭಾರತ ಸರ್ಕಾರ 1992ರಲ್ಲೇ ನಿಷೇಧಿಸಿತು. ನಿಮ್ಮ ಮನೆಯ ಹಿರಿಯರ ಕೆನ್ನೆಯ ಒಳಗೆ ಬಿಳಿ ಮಚ್ಚೆಯೋ, ಹದಿನೈದು ದಿನವಾದರೂ ಮಾಯದ ಹುಣ್ಣೋ ಇದ್ದರೆ ತಡಮಾಡದೆ ಆಸ್ಪತ್ರೆಗೆ ತೋರಿಸಿ.

ಬೆಲ್ಲದ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದಂದಿನಿಂದ ಕಬ್ಬು ಈ ಸೀಮೆಯ ಅನ್ನ. ಬೆಲ್ಲ ತಿನ್ನಬೇಡಿ ಎಂದು ನಾನು ಹೇಳಿದರೆ ನೀವೂ ಕೇಳುವುದಿಲ್ಲ, ಹೇಳುವುದು ನ್ಯಾಯವೂ ಅಲ್ಲ. ಹಲ್ಲಿಗೆ ಕೆಡುಕಾಗುವುದು ಎಷ್ಟು ತಿಂದೆವು ಎಂಬುದಕ್ಕಿಂತ ಎಷ್ಟು ಸಾರಿ ತಿಂದೆವು ಎಂಬುದರಿಂದ. ಊಟದ ಜೊತೆ ಒಂದೇ ಸಲ ತಿಂದ ಬೆಲ್ಲಕ್ಕಿಂತ ದಿನವಿಡೀ ಜೇಬಿನಲ್ಲಿಟ್ಟುಕೊಂಡು ಚೀಪಿದ ಚೂರು ಹೆಚ್ಚು ಹಾನಿ ಮಾಡುತ್ತದೆ. ಸೀಸೆ ಬಾಯಲ್ಲಿಟ್ಟು ಕೂಸನ್ನು ಮಲಗಿಸುವುದನ್ನು ಮಾತ್ರ ಈ ರಾತ್ರಿಯಿಂದಲೇ ನಿಲ್ಲಿಸಿ.

ಟ್ಯೂಬು ಎಲ್ಲಿಡುತ್ತೀರಿ?

ಮಗು ಪೇಸ್ಟು ಸ್ವಲ್ಪ ನುಂಗಿದರೆ ಗಾಬರಿಯಾಗಬೇಕಿಲ್ಲ. ಹೊಟ್ಟೆ ತೊಳೆಸಬಹುದು, ಒಂದು ಲೋಟ ಹಾಲು ಕೊಡಿ. ಹಾಲಿನ ಸುಣ್ಣ ಫ್ಲೋರೈಡನ್ನು ಕಟ್ಟಿಹಾಕುತ್ತದೆ. ಆದರೆ ಹತ್ತು ಕಿಲೋ ತೂಕದ ಕೂಸು 100 ಗ್ರಾಮಿನ ಟ್ಯೂಬಿನಲ್ಲಿ ಅರ್ಧದಷ್ಟು ತಿಂದರೆ ಅದು ಅಪಾಯದ ಪ್ರಮಾಣ. ಅಷ್ಟು ತಿಂದಿತೆಂಬ ಅನುಮಾನ ಬಂದರೂ ಸಾಕು, ಹಾಲು ಕುಡಿಸಿಕೊಂಡೇ ಆಸ್ಪತ್ರೆಗೆ ಹೊರಡಿ.

ಇದಕ್ಕಿಂತ ಎಷ್ಟೋ ಪಾಲು ಘೋರವಾದ ಸಂಗತಿ ಇನ್ನೊಂದಿದೆ. ಇಲಿ ಕೊಲ್ಲುವ ಪಾಷಾಣ ಪೇಸ್ಟಿನ ರೂಪದಲ್ಲಿಯೂ, ಟೂತ್‌ಪೇಸ್ಟಿನಂಥದೇ ಟ್ಯೂಬಿನಲ್ಲಿಯೂ ಅಂಗಡಿಗಳಲ್ಲಿ ಮಾರಾಟವಾಗಿದೆ. ಭತ್ತದ ಮೂಟೆ, ರಾಗಿ ಕಣಜ ಇರುವ ಮನೆಯಲ್ಲಿ ಇಲಿ ಇದ್ದೇ ಇರುತ್ತವೆ. ಹಾಗಾಗಿ ಅದನ್ನು ತಂದು ಬಚ್ಚಲ ಗೂಡಿನಲ್ಲೋ, ಕಿಟಕಿಯ ಮೇಲೋ ಇಟ್ಟಿರುತ್ತಾರೆ. ನಸುಕಿನಲ್ಲಿ, ದೀಪವಿಲ್ಲದಾಗ, ಟೂತ್‌ಪೇಸ್ಟೆಂದು ತಿಳಿದು ಅದರಿಂದ ಹಲ್ಲುಜ್ಜಿದವರು ಸತ್ತ ಸುದ್ದಿ ನಮ್ಮ ರಾಜ್ಯದ ಕರಾವಳಿಯಿಂದಲೂ ಪತ್ರಿಕೆಗಳಲ್ಲಿ ಬಂದಿದೆ. ಅಂಥ ಪೇಸ್ಟಿನಲ್ಲಿರುವ ಹಳದಿ ರಂಜಕಕ್ಕೆ ಪ್ರತ್ಯೇಕ ಮದ್ದಿಲ್ಲ. ಇದರ ಮೋಸವೆಂದರೆ, ಮೊದಲ ದಿನ ವಾಂತಿ, ಹೊಟ್ಟೆನೋವು ಬಂದು, ಆಮೇಲೆ ಒಂದೆರಡು ದಿನ ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ. ಮನೆಯವರು ವಾಸಿಯಾಯಿತೆಂದು ಸುಮ್ಮನಾಗುತ್ತಾರೆ. ಅಷ್ಟರಲ್ಲಿ ಒಳಗೆ ಪಿತ್ತಜನಕಾಂಗ ಕೆಟ್ಟಿರುತ್ತದೆ.

ಆದ್ದರಿಂದ ಇಲಿ ಪಾಷಾಣವನ್ನು, ಅದು ಪೇಸ್ಟೇ ಇರಲಿ, ಗದ್ದೆಗೆ ತಂದ ಸತುವಿನ ಫಾಸ್ಫೈಡ್ ಪುಡಿಯೇ ಇರಲಿ, ವಾಸದ ಮನೆಯೊಳಗೆ ಇಡಕೂಡದು. ಕೀಟನಾಶಕಗಳ ಜೊತೆ ಕೊಟ್ಟಿಗೆಯಾಚೆ ಬೀಗ ಹಾಕುವ ಪೆಟ್ಟಿಗೆಯಲ್ಲಿಡಿ. ಟ್ಯೂಬಿನ ರೂಪದ್ದನ್ನು ಕೊಳ್ಳದೆ ಬೋನು ಇಡುವುದು ಇನ್ನೂ ಮೇಲು. ಟೂತ್‌ಪೇಸ್ಟಿಗೆ ಮನೆಯಲ್ಲಿ ಒಂದೇ ಜಾಗ ಗೊತ್ತುಮಾಡಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ದೀಪದ ಬೆಳಕು ಬೀಳುವಲ್ಲಿ. ಅಕಸ್ಮಾತ್ ಯಾರಾದರೂ ಪಾಷಾಣ ಬಾಯಿಗೆ ಹಾಕಿಕೊಂಡರೆ ಬಾಯಿ ತೊಳೆಸಿ, ವಾಂತಿ ಮಾಡಿಸಲು ಹೋಗದೆ, ಎಣ್ಣೆ, ತುಪ್ಪ, ಹಾಲು ಏನನ್ನೂ ಕುಡಿಸದೆ, ಆರಾಮಾಗಿದ್ದೇನೆ ಎಂದರೂ ಕೇಳದೆ, ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರಿಗೆ ತೋರಿಸಲು ಆ ಟ್ಯೂಬನ್ನೂ ಜೊತೆಗೆ ತೆಗೆದುಕೊಂಡು ಹೋಗಿರಿ, ಖಾಲಿಯಾಗಿದ್ದರೂ ಸರಿಯೇ.